ಮೂರು ಸಲ ಗ್ಯಾಸ್, ಒಂದು ಸೋರುವ ನಟ್: ಸುರತ್ಕಲ್ ಕಡೆಯ ಎಸಿ ಪ್ರಕರಣ

ಸುರತ್ಕಲ್ ಕಡೆಯ ಒಂದು ಫ್ಲ್ಯಾಟ್. ಮೂರನೇ ಮಹಡಿ, ಬಾಲ್ಕನಿ ಪಡುವಣಕ್ಕೆ. ಸಮುದ್ರ ಕಣ್ಣಿಗೆ ಕಾಣದಿದ್ದರೂ ಗಾಳಿಯಲ್ಲಿ ಉಪ್ಪು ಇದ್ದೇ ಇರುತ್ತದೆ. ಕಿಟಕಿಯ ಗ್ರಿಲ್ಲಿಗೆ ವರ್ಷ ವರ್ಷ ಪೈಂಟ್ ಕೊಡದಿದ್ದರೆ ತುಕ್ಕು ಏಳುವ ಜಾಗ ಅದು. ಮನೆಯಲ್ಲಿ ನಿವೃತ್ತ ಶಿಕ್ಷಕಿ ಮತ್ತು ಅವರ ಯಜಮಾನರು, ಮಗ ಬೆಂಗಳೂರಿನಲ್ಲಿ. ಇಲ್ಲಿ ಅವರನ್ನು ‘ಟೀಚರ್’ ಎಂದು ಕರೆಯೋಣ. ಕಂಪನಿ, ಅಂಗಡಿ, ಸರ್ವಿಸ್ ಸೆಂಟರ್‌ಗಳ ಹೆಸರು ಬಿಟ್ಟಿದೆ, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದೆ.

ದೀಪಾವಳಿಯ ರಿಯಾಯಿತಿಯಲ್ಲಿ ಅವರು ಕೊಂಡದ್ದು ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎಸಿ. ಬೆಲೆ ₹41,500. ಇಡೀ ಯಂತ್ರಕ್ಕೆ 1 ವರ್ಷ, ಪಿಸಿಬಿಗೆ (ಎಸಿಯನ್ನು ನಿಯಂತ್ರಿಸುವ ಸರ್ಕ್ಯೂಟ್ ಬೋರ್ಡ್) 5 ವರ್ಷ, ಕಂಪ್ರೆಸರ್‌ಗೆ 10 ವರ್ಷ ವಾರಂಟಿ. ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಆ 10 ವರ್ಷ ಮಾತ್ರ. ಮೊದಲ ವರ್ಷ ದಾಟಿದ ಮೇಲೆ ಗ್ಯಾಸ್, ತಾಮ್ರದ ಪೈಪ್, ಜಾಯಿಂಟ್ ಯಾವುದೂ ಅದರೊಳಗೆ ಬರುವುದಿಲ್ಲ ಎಂಬುದು ಕಾರ್ಡಿನ ಹಿಂಬದಿಯ ಸಣ್ಣ ಅಕ್ಷರದಲ್ಲಿತ್ತು. ಕರಾವಳಿಯಲ್ಲಿ ಎಸಿ ಕೈಕೊಡುವುದು ಹೆಚ್ಚಾಗಿ ಈ ಮೂರರಲ್ಲೇ.

ಕೂರಿಸಿದ ದಿನ

ಇಬ್ಬರು ಬಂದದ್ದು ಸಂಜೆ ಆರರ ಮೇಲೆ. ಅದೇ ದಿನ ಇನ್ನೂ ಎರಡು ಕಡೆ ಹೋಗಬೇಕಿತ್ತಂತೆ. ಯಂತ್ರದ ಜೊತೆ ಬಂದ ಮೂರು ಮೀಟರ್ ಪೈಪ್ ಬಾಲ್ಕನಿಯ ಮೂಲೆಗೆ ಸಾಲದ್ದರಿಂದ ಎರಡೂವರೆ ಮೀಟರ್ ಹೆಚ್ಚು ಹಾಕಿ ಅದರ ದುಡ್ಡು ಬೇರೆ ತೆಗೆದುಕೊಂಡರು. ಅಲ್ಲಿಯವರೆಗೆ ತಪ್ಪೇನೂ ಇಲ್ಲ. ಆದರೆ ಅವರ ಚೀಲದಲ್ಲಿ ವ್ಯಾಕ್ಯೂಮ್ ಪಂಪ್, ಅಂದರೆ ಪೈಪಿನೊಳಗಿನ ಗಾಳಿ ಮತ್ತು ತೇವವನ್ನು ಎಳೆದು ತೆಗೆಯುವ ಪಂಪ್, ಇರಲಿಲ್ಲ. ಪೈಪ್ ಜೋಡಿಸಿ, ಔಟ್‌ಡೋರ್ ಯುನಿಟ್ಟಿನ ವಾಲ್ವನ್ನು ಕೆಲವು ಸೆಕೆಂಡ್ ತೆರೆದು, ಒಳಗಿನ ಗ್ಯಾಸ್‌ನಿಂದಲೇ ಪೈಪಿನ ಗಾಳಿಯನ್ನು ‘ಸುಂಯ್’ ಎಂದು ಹೊರಗೆ ಬಿಟ್ಟು ಮುಗಿಸಿದರು.

ಇದು ಎಷ್ಟು ಕೆಟ್ಟ ಅಭ್ಯಾಸ ಎಂಬುದನ್ನು ಒತ್ತಿ ಹೇಳಬೇಕು. ಈಗಿನ ಹೆಚ್ಚಿನ ಮನೆ ಎಸಿಗಳಲ್ಲಿರುವ ಆರ್-32 ಗ್ಯಾಸ್ ತುಸು ಬೆಂಕಿ ಹತ್ತುವ ಜಾತಿಯದು. ಅದನ್ನು ಹಾಗೆ ಹೊರಗೆ ಬಿಡಬಾರದು. ಎರಡನೆಯದಾಗಿ, ಪೈಪಿನೊಳಗಿನ ತೇವ ಹೀಗೆ ಊದಿದರೆ ಹೋಗುವುದಿಲ್ಲ. ಮಂಗಳೂರಿನ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಆ ತೇವ ಕಂಪ್ರೆಸರಿನ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಒಳಗಿಂದಲೇ ಯಂತ್ರವನ್ನು ತಿನ್ನುತ್ತದೆ. ಪಂಪ್ ಹಚ್ಚಿ ಅರ್ಧ ಗಂಟೆ ಎಳೆದು, ಪೈಪಿನೊಳಗೆ ಉಳಿದ ಒತ್ತಡ ತೋರಿಸುವ ಗೇಜ್ 500 ಮೈಕ್ರಾನ್‌ಗಿಂತ ಕೆಳಗೆ ಬಂದು ಅಲ್ಲೇ ನಿಂತರೆ ಎರಡು ವಿಷಯ ಒಟ್ಟಿಗೆ ಗೊತ್ತಾಗುತ್ತವೆ: ತೇವ ಹೋಗಿದೆ, ಜಾಯಿಂಟ್ ಸೋರುತ್ತಿಲ್ಲ. ಪಂಪ್ ತರದವರು ಆ ಎರಡನೇ ಪರೀಕ್ಷೆಯನ್ನೂ ಬಿಟ್ಟ ಹಾಗಾಯಿತು. ಈ ಪ್ರಕರಣದ ಬೀಜ ಬಿದ್ದದ್ದು ಅಲ್ಲಿ.

ಸಮಸ್ಯೆ ತಲೆ ಎತ್ತಿದ್ದು

ಐದು ತಿಂಗಳು ಏನೂ ತೊಂದರೆಯಿಲ್ಲ. ಏಪ್ರಿಲ್‌ನಲ್ಲಿ ಟೀಚರ್ ಗಮನಿಸಿದ್ದು ರೂಮಿನ ಸೆಕೆಯನ್ನಲ್ಲ, ಬಾಲ್ಕನಿಯ ಬಾಲ್ದಿಯನ್ನು. ಎಸಿಯ ಡ್ರೈನ್ ಪೈಪಿನ ಕೆಳಗೆ ಬಾಲ್ದಿ ಇಟ್ಟು ಆ ನೀರನ್ನು ಮಲ್ಲಿಗೆ ಕುಂಡಗಳಿಗೆ ಹಾಕುತ್ತಿದ್ದರು. ನಮ್ಮ ಕಡೆಯ ಸೆಕೆಗಾಲದಲ್ಲಿ ಒಂದೂವರೆ ಟನ್ನಿನ ಎಸಿ ಗಂಟೆಗೆ ಒಂದು ಲೀಟರ್ ನೀರು ಇಳಿಸುವುದು ದೊಡ್ಡ ಮಾತಲ್ಲ. ರಾತ್ರಿ ಇಟ್ಟ ಬಾಲ್ದಿ ಬೆಳಿಗ್ಗೆ ಮುಕ್ಕಾಲು ತುಂಬಿರಬೇಕಾದದ್ದು ತಳದಲ್ಲಿ ನಾಲ್ಕು ಬೆರಳಷ್ಟೇ ಇತ್ತು. ಕೆಲವು ದಿನ ಒಳಗಿನ ಯುನಿಟ್ಟಿನಿಂದ ಗೋಡೆಯ ಮೇಲೆ ನೀರು ತೊಟ್ಟಿಕ್ಕಿತು.

ಗ್ಯಾಸ್ ಕಡಿಮೆಯಾದಾಗ ಆಗುವುದೇ ಹೀಗೆ. ಇರುವ ಸ್ವಲ್ಪ ಗ್ಯಾಸ್ ಇಂಡೋರ್ ಕಾಯಿಲಿನ (ಒಳಗಿನ ಯುನಿಟ್ಟಿನ ಸುತ್ತುಪೈಪಿನ) ಆರಂಭದಲ್ಲೇ ಆವಿಯಾಗಿ ಮುಗಿಯುತ್ತದೆ. ಅಷ್ಟು ಭಾಗ ಅತಿಯಾಗಿ ತಣ್ಣಗಾಗಿ ಮಂಜುಗಡ್ಡೆ ಕಟ್ಟುತ್ತದೆ, ಉಳಿದ ಭಾಗ ಬೆಚ್ಚಗೇ ಉಳಿಯುತ್ತದೆ. ಗಾಳಿಯ ನೀರು ಇಳಿಯುವುದಿಲ್ಲ. ಕಟ್ಟಿದ ಐಸ್ ಕರಗಿದಾಗ ಟ್ರೇಯ ಆಚೆ ಬೀಳುತ್ತದೆ. ಮುಂದಿನ ಕವರ್ ಎತ್ತಿ ನೋಡಿದರೆ ಕಾಯಿಲಿನ ಒಂದು ಮೂಲೆಯಲ್ಲಿ ಮಾತ್ರ ಬಿಳಿ ಐಸ್ ಕಾಣುತ್ತದೆ. ಫಿಲ್ಟರಿನಲ್ಲಿ ಧೂಳು ತುಂಬಿದಾಗಲೂ ಐಸ್ ಕಟ್ಟುವುದುಂಟು, ಆದರೆ ಆಗ ಹೆಚ್ಚುಕಡಿಮೆ ಇಡೀ ಕಾಯಿಲ್ ಬೆಳ್ಳಗಾಗುತ್ತದೆ. ದೂರು ಕೊಡುವ ಮೊದಲು ಫಿಲ್ಟರ್ ತೊಳೆದು ಒಂದು ದಿನ ನೋಡುವುದು ಒಳ್ಳೆಯದು. ಟೀಚರ್ ತೊಳೆದರು. ವ್ಯತ್ಯಾಸ ಆಗಲಿಲ್ಲ.

ಮೊದಲ ಮೂರು ಭೇಟಿ

ಏಪ್ರಿಲ್‌ನಲ್ಲಿ ಬಂದ ಹುಡುಗ ಗೇಜ್ ಹಾಕಿ, “ಗ್ಯಾಸ್ ಕಡಿಮೆ ಉಂಟು” ಎಂದು ತುಂಬಿಸಿ ಹೋದ. ವಾರಂಟಿ ಇದ್ದುದರಿಂದ ದುಡ್ಡು ಇಲ್ಲ. ಜಾಬ್ ಶೀಟಿನಲ್ಲಿ (ಮಾಡಿದ ಕೆಲಸ ಬರೆದುಕೊಡುವ ಚೀಟಿ) ಬರೆದದ್ದು ‘ಗ್ಯಾಸ್ ಟಾಪ್ ಅಪ್, ಓಕೆ’. ಅಕ್ಟೋಬರಿನಲ್ಲಿ, ವಾರಂಟಿ ಮುಗಿಯಲು ಕೆಲವೇ ವಾರ ಇರುವಾಗ, ಮತ್ತೆ ಅದೇ ಕಥೆ. ಈ ಸಲ ಬಂದವನು ಇಂಡೋರ್ ಯುನಿಟ್ಟಿನ ಹಿಂದಿನ ನಟ್ಟನ್ನು ಸ್ಪ್ಯಾನರಿನಿಂದ ಇನ್ನೂ ಅರ್ಧ ಸುತ್ತು ಬಿಗಿಮಾಡಿ ಗ್ಯಾಸ್ ಹಾಕಿದ. ಮುಂದಿನ ಮಾರ್ಚ್‌ನಲ್ಲಿ ಮೂರನೇ ಸಲ.

ಮೂರನೇ ಸಲ ಬಂದವನು ಹೇಳಿದ ಮಾತು ಕರಾವಳಿಯ ಬಹಳ ಮನೆಗಳಲ್ಲಿ ಕೇಳಿಸುವಂಥದ್ದು: “ಟೀಚರ್, ಇದು ಕಡಲ ಬದಿ ಅಲ್ವಾ, ಗ್ಯಾಸ್ ಹೋಗ್ತಾ ಇರ್ತದೆ. ವರ್ಷಕ್ಕೊಮ್ಮೆ ಹಾಕ್ಲಿಕ್ಕೆ ಉಂಟು.”

ಈ ಮಾತು ಪೂರ್ತಿ ತಪ್ಪು. ಎಸಿಯ ಗ್ಯಾಸ್ ಅಡುಗೆ ಗ್ಯಾಸಿನ ಹಾಗೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ, ಇಲ್ಲವೇ ಮೊದಲೇ ಕಡಿಮೆ ತುಂಬಿದೆ. ಸೋರುವ ಜಾಗ ಹುಡುಕದೆ ಗ್ಯಾಸ್ ಹಾಕುವುದನ್ನು ರಿಪೇರಿ ಎನ್ನಲಾಗದು. ವಾರಂಟಿಯೊಳಗೆ ಅದು ಕಾಲ ತಳ್ಳುವ ಉಪಾಯ, ವಾರಂಟಿ ಮುಗಿದ ಮೇಲೆ ಗ್ರಾಹಕರ ಜೇಬಿಗೆ ಕತ್ತರಿ.

ಮಾರ್ಚ್‌ನ ಭೇಟಿಯಲ್ಲಿ ಒಂದು ತಿರುವು ಬಂತು. ಆಗ ಅದು ತಿರುವು ಎಂದು ಯಾರಿಗೂ ಅನ್ನಿಸಿರಲಿಕ್ಕಿಲ್ಲ. ಹುಡುಗ ಮೊದಲು ಕೇಳಿದ್ದು ₹2,500, ತನ್ನ ಮೊಬೈಲ್ ನಂಬರಿಗೆ ಯುಪಿಐ, ಬಿಲ್ ಇಲ್ಲ. ಬಿಲ್ ಬೇಕೆಂದರೆ ₹2,800, ಮೇಲೆ ಶೇ. 18 ಜಿಎಸ್‌ಟಿ ₹504, ಒಟ್ಟು ₹3,304. ಟೀಚರ್ ಬಿಲ್ಲಿನ ದಾರಿಯನ್ನೇ ಹಿಡಿದರು. ₹804 ಹೆಚ್ಚು ಹೋಯಿತು. ಆದರೆ ಆ ಬಿಲ್ ಇಲ್ಲದಿದ್ದರೆ ಕಂಪನಿಯ ದಾಖಲೆಯಲ್ಲಿ ಮೂರನೇ ಭೇಟಿ ನಡೆದೇ ಇರುತ್ತಿರಲಿಲ್ಲ, ಮುಂದೆ ಮರಳಿ ಕೇಳಲು ಯಾವ ಮೊತ್ತವೂ ಇರುತ್ತಿರಲಿಲ್ಲ.

ಇನ್ನೊಂದು ಕಡೆ ಅವರು ಸೋತರು. ದೂರು ಮುಗಿಸಲು ಗ್ರಾಹಕರ ಫೋನಿಗೆ ಒಂದು ಸಂಖ್ಯೆ ಬರುತ್ತದೆ. ಎಷ್ಟೋ ಕಂಪನಿಗಳಲ್ಲಿ ಅದನ್ನು ‘ಹ್ಯಾಪಿ ಕೋಡ್’ ಎನ್ನುತ್ತಾರೆ. ಮೂರು ಸಲವೂ ಗ್ಯಾಸ್ ಹಾಕಿದ ಹತ್ತೇ ನಿಮಿಷದಲ್ಲಿ, ರೂಮು ತಣ್ಣಗಾಗುವ ಮೊದಲೇ, “ಟೀಚರ್, ಆ ಕೋಡ್ ಒಂದು ಹೇಳಿ, ಮುಂದಿನ ಮನೆಗೆ ಹೋಗ್ಲಿಕ್ಕುಂಟು” ಎಂದು ಕೇಳಿದರು. ಹೇಳಿಬಿಟ್ಟರು. ಕೋಡ್ ಕೊಟ್ಟ ಮೇಲೆ ಕಂಪ್ಯೂಟರಿನಲ್ಲಿ ದೂರು ‘ಗ್ರಾಹಕ ತೃಪ್ತ’ ಎಂದು ಮುಚ್ಚುತ್ತದೆ. ಮುಂದಿನ ಸಲ ಅದೇ ತೊಂದರೆ ಬಂದರೂ ಅದು ಹೊಸ ದೂರು. ಹಳೆಯದರ ಮುಂದುವರಿಕೆ ಎಂದು ಯಾರೂ ನೋಡುವುದಿಲ್ಲ.

ನಾಲ್ಕನೇ ಸಲ: “ಕಾಯಿಲ್ ತಿಂದು ಹೋಗಿದೆ”

ಎಪ್ಪತ್ತು ದಿನ ಕಳೆಯುವಷ್ಟರಲ್ಲಿ, ಮೇ ನಡುವಿನಲ್ಲಿ, ತಂಪು ಮತ್ತೆ ನಿಂತಿತು. ಈ ಬಾರಿ ಸರ್ವಿಸ್ ಸೆಂಟರಿನವರು ಹೊಸ ಕಾರಣ ಹೇಳಿದರು: ಉಪ್ಪಿನ ಗಾಳಿಗೆ ಔಟ್‌ಡೋರ್ ಕಾಯಿಲ್ ತೂತಾಗಿದೆ, ಬದಲಿಸಲು ₹13,500, ತುಕ್ಕು ವಾರಂಟಿಗೆ ಬರುವುದಿಲ್ಲ. ಕಾರ್ಡಿನಲ್ಲಿ ಆ ಷರತ್ತು ಇತ್ತು ಕೂಡ.

“ಎಲ್ಲಿ ತಿಂದದ್ದು, ಒಮ್ಮೆ ತೋರಿಸು ಮಾರಾಯ” ಎಂದರು ಟೀಚರ್. ಅವನಿಗೆ ತೋರಿಸಲಾಗಲಿಲ್ಲ. ಕಾಯಿಲಿನ ಫಿನ್ನುಗಳ (ತೆಳು ಲೋಹದ ಪಟ್ಟಿಗಳ) ಮೇಲಿದ್ದ ಬಿಳಿ ಪುಡಿಯತ್ತ ಕೈ ಮಾಡಿದ.

ಉಪ್ಪು ನಿಜವಾಗಿಯೂ ಕಾಯಿಲನ್ನು ತಿನ್ನುತ್ತದೆ, ಅದರಲ್ಲಿ ಅನುಮಾನ ಬೇಡ. ತಾಮ್ರದ ಪೈಪಿಗೆ ಅಲ್ಯೂಮಿನಿಯಂ ಫಿನ್ ತಾಗಿರುವಲ್ಲಿ ಉಪ್ಪುನೀರು ಸೇರಿದರೆ ಎರಡು ಲೋಹಗಳ ನಡುವೆ ಸಣ್ಣ ವಿದ್ಯುತ್ ಹರಿದು ಅಲ್ಯೂಮಿನಿಯಂ ಮೊದಲು ಕರಗುತ್ತದೆ. ಆ ಬಿಳಿ ಪುಡಿ ಅದೇ. ಅದರಿಂದ ಬಿಸಿ ಹೊರಹೋಗುವುದು ಕಡಿಮೆಯಾಗುತ್ತದೆ, ಕರೆಂಟ್ ಬಿಲ್ ಏರುತ್ತದೆ. ಆದರೆ ಬಿಳಿ ಪುಡಿ ಕಂಡಿತೆಂದು ಒಳಗಿನ ತಾಮ್ರ ತೂತಾಗಿದೆ ಎನ್ನಲು ಬರುವುದಿಲ್ಲ. ಸೋರಿಕೆಯ ಗುರುತು ಬೇರೆ. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಹೊರಗೆ ಬರುವುದರಿಂದ ಸೋರುವ ಜಾಗದಲ್ಲಿ ಎಣ್ಣೆಯ ಪಸೆ ಇರುತ್ತದೆ, ಅದಕ್ಕೆ ಧೂಳು ಅಂಟಿ ಕಪ್ಪಗಾಗಿರುತ್ತದೆ. ಈ ಔಟ್‌ಡೋರ್ ಕಾಯಿಲಿನಲ್ಲಿ ಅಂಥ ಪಸೆ ಎಲ್ಲೂ ಇರಲಿಲ್ಲ.

ಇಲ್ಲಿ ಎರಡು ದಾರಿಯಿತ್ತು. ಹೊರಗಿನ ಮೆಕ್ಯಾನಿಕ್ಕನ್ನು ಕರೆಸಿ ಬಿಚ್ಚಿಸಿ ಸರಿಮಾಡಿಸಿ ಬಿಡುವುದು ಒಂದು. ಖರ್ಚು ಕಡಿಮೆ, ಎರಡು ದಿನದಲ್ಲಿ ತಂಪು. ಆದರೆ ನಟ್ ಬಿಚ್ಚಿದ ಕೂಡಲೇ ಪುರಾವೆ ಹೋಗುತ್ತದೆ, ‘ಹೊರಗಿನವರು ಕೈ ಹಾಕಿದ್ದಾರೆ’ ಎನ್ನಲು ಕಂಪನಿಗೆ ದಾರಿಯಾಗುತ್ತದೆ, ಕಂಪ್ರೆಸರಿನ ವಾರಂಟಿಗೂ ತಕರಾರು ಬರುತ್ತದೆ. ಟೀಚರ್ ಮತ್ತು ಅವರ ಮಗ ಎರಡನೇ ದಾರಿ ಆರಿಸಿದರು: ಮೊದಲು ಬರಹ, ಆಮೇಲೆ ಪರೀಕ್ಷೆ, ಕೊನೆಗೆ ರಿಪೇರಿ. ಮೇ ತಿಂಗಳ ಸೆಕೆಯಲ್ಲಿ ವಯಸ್ಸಾದ ಇಬ್ಬರು ಮೂರು ವಾರ ಫ್ಯಾನಿನಲ್ಲೇ ದೂಡಿದ್ದು ಈ ನಿರ್ಧಾರಕ್ಕೆ ತೆತ್ತ ಬೆಲೆ. ಎಲ್ಲರಿಂದಲೂ ಆಗುವ ಮಾತಲ್ಲ, ಆಗದವರನ್ನು ತಪ್ಪೆನ್ನಲೂ ಬಾರದು.

ಈಮೇಲ್ ಮತ್ತು ಸೋಪಿನ ನೀರು

ಕಂಪನಿಯ ದೂರು ವಿಭಾಗಕ್ಕೆ ಹೋದ ಈಮೇಲ್ ಹತ್ತು ಸಾಲಿನದು, ಅದರ ನಕಲು ಅಂಗಡಿಗೂ ಸರ್ವಿಸ್ ಸೆಂಟರಿಗೂ ಹೋಯಿತು. ಸಿಟ್ಟಿನ ಮಾತು ಒಂದೂ ಇರಲಿಲ್ಲ. ಯಂತ್ರದ ಸೀರಿಯಲ್ ನಂಬರ್, ನಾಲ್ಕು ದೂರುಗಳ ಸಂಖ್ಯೆ ಮತ್ತು ದಿನಾಂಕ, ಪ್ರತಿ ಜಾಬ್ ಶೀಟಿನ ಫೋಟೋ. ಆಮೇಲೆ ಮೂರು ಪ್ರಶ್ನೆ. ಮೊದಲ ಮೂರು ಭೇಟಿಯಲ್ಲಿ ಲೀಕ್ ಎಲ್ಲಿ ಸಿಕ್ಕಿತು? ಪ್ರತಿ ಸಲ ಎಷ್ಟು ಗ್ರಾಂ ಗ್ಯಾಸ್ ಹಾಕಿದಿರಿ? ಕಾಯಿಲ್ ತೂತಾಗಿದೆ ಎಂಬುದನ್ನು ಯಾವ ಪರೀಕ್ಷೆಯಿಂದ ಕಂಡುಕೊಂಡಿರಿ? ಏಳು ದಿನದೊಳಗೆ ಬಂದು ಲೀಕ್ ಪರೀಕ್ಷೆ ಮಾಡಿ ತೋರಿಸಬೇಕು, ಇಲ್ಲವಾದರೆ ಇಂಥ ದಿನ ಇಷ್ಟು ಗಂಟೆಗೆ ನಾವೇ ಮಾಡಿಸುತ್ತೇವೆ, ನಿಮ್ಮವರೂ ಬರಬಹುದು ಎಂದು ಕೊನೆಯ ಸಾಲು. ಆ ಕೊನೆಯ ಸಾಲಿನ ತೂಕ ದೊಡ್ಡದು. ಕರೆದಾಗ ಬಾರದವರು ಪರೀಕ್ಷೆ ಕದ್ದುಮುಚ್ಚಿ ನಡೆಯಿತು ಎಂದು ಆಮೇಲೆ ಹೇಳುವಂತಿಲ್ಲ.

ಉತ್ತರ ಬರಲಿಲ್ಲ. ಹೇಳಿದ ದಿನ ಹೊರಗಿನ ಅನುಭವಿ ಮೆಕ್ಯಾನಿಕ್ ಒಬ್ಬರು ₹800ಕ್ಕೆ ಬಂದರು. ಅವರು ಮಾಡಿದ ಪರೀಕ್ಷೆ ತೀರಾ ಸರಳ, ಆದರೆ ಕ್ರಮ ಬಲ್ಲವರು ಮಾಡಿದ್ದು. ಮೊದಲು ಎಸಿ ನಿಲ್ಲಿಸಿ ಅರ್ಧ ಗಂಟೆ ಕಾದರು. ಎಸಿ ಓಡುವಾಗ ದಪ್ಪ ಪೈಪಿನ ಒತ್ತಡ ಕಡಿಮೆ, ಸರಿಯಾಗಿ ಗ್ಯಾಸ್ ಇರುವ ಆರ್-32 ಯಂತ್ರದಲ್ಲೂ ಸಾಮಾನ್ಯವಾಗಿ 120ರಿಂದ 150 ಪಿಎಸ್‌ಐ. ನಿಲ್ಲಿಸಿದರೆ ಎರಡೂ ಕಡೆ ಸಮನಾಗಿ, 30 ಡಿಗ್ರಿ ಸೆಕೆಯಲ್ಲಿ 250 ಪಿಎಸ್‌ಐ ದಾಟುತ್ತದೆ. ಓಡುವ ಯಂತ್ರಕ್ಕೆ ಸೋಪು ಹಚ್ಚಿ ‘ಲೀಕ್ ಇಲ್ಲ’ ಎನ್ನುವವರು ಎಡವುವುದು ಇಲ್ಲಿಯೇ. ಆಮೇಲೆ ಇಂಡೋರ್ ಯುನಿಟ್ಟಿನ ಹಿಂದೆ ಜಾಯಿಂಟಿನ ಮೇಲಿನ ಬಿಳಿ ಟೇಪ್ ಮತ್ತು ಫೋಮ್ ಬಿಡಿಸಿದರು. ಒಳಬದಿಯ ಫೋಮ್ ಎಣ್ಣೆ ಕುಡಿದು ಕಂದು ಬಣ್ಣಕ್ಕೆ ತಿರುಗಿತ್ತು. ಪಾತ್ರೆ ತೊಳೆಯುವ ಸೋಪನ್ನು ನೀರಿನಲ್ಲಿ ಗಟ್ಟಿಯಾಗಿ ಕದಡಿ ಬ್ರಶ್ಶಿನಿಂದ ನಟ್ಟಿನ ಸುತ್ತ ಬಳಿದು ಸುಮ್ಮನೆ ಕೂತರು. ದಪ್ಪ ಪೈಪಿನ ನಟ್ಟಿನ ಹಿಂಬದಿಯಲ್ಲಿ, ಗೋಡೆಯ ಕಡೆಗೆ, ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಏಳತೊಡಗಿದವು. ಔಟ್‌ಡೋರ್ ಕಾಯಿಲಿನ ಬೆಂಡುಗಳಿಗೂ ವಾಲ್ವುಗಳಿಗೂ ಹಾಗೆಯೇ ಹಚ್ಚಿ ಕಾದರು. ಒಂದು ಗುಳ್ಳೆಯೂ ಇಲ್ಲ.

ಯಾವ ನಟ್ಟಿಗೂ ಸ್ಪ್ಯಾನರ್ ತಾಗಿಸಲಿಲ್ಲ. ಮಗ ವಿಡಿಯೋ ಕಾಲಿನಲ್ಲಿ ಹೇಳಿಕೊಟ್ಟಂತೆ ಯಜಮಾನರು ಇನ್ನೊಂದು ಫೋನಿನಲ್ಲಿ ಚಿತ್ರೀಕರಿಸಿದರು: ಸೀರಿಯಲ್ ನಂಬರಿನ ಸ್ಟಿಕ್ಕರಿನಿಂದ ಶುರುಮಾಡಿ, ಮಧ್ಯೆ ನಿಲ್ಲಿಸದೆ, ಗುಳ್ಳೆಯವರೆಗೆ.

ಐದಾರು ತಿಂಗಳಿಗೊಮ್ಮೆ ಆಗುತ್ತಿದ್ದದ್ದು ಕೊನೆಗೆ ಎಪ್ಪತ್ತು ದಿನಕ್ಕಿಳಿದದ್ದು ಏಕೆ ಎಂಬುದಕ್ಕೂ ಉತ್ತರ ಆ ನಟ್ಟಿನಲ್ಲೇ ಇತ್ತು. ನಟ್ಟಿನೊಳಗೆ ಕೂರಲು ತಾಮ್ರದ ಪೈಪಿನ ಬಾಯಿಯನ್ನು ಅಗಲಿಸುವುದಕ್ಕೆ ಫ್ಲೇರ್ ಎನ್ನುತ್ತಾರೆ. ಪೈಪ್ ಕತ್ತರಿಸಿದ ಅಂಚಿನ ಮುಳ್ಳು ತೆಗೆಯದೆ ಫ್ಲೇರ್ ಮಾಡಿದರೆ ಅದು ಸರಿಯಾಗಿ ಕೂರುವುದಿಲ್ಲ. ಅದನ್ನು ಬಿಗಿಮಾಡಿ ಸರಿಪಡಿಸಲು ಹೋದರೆ ತಾಮ್ರ ತೆಳುವಾಗಿ ಬಿರುಕು ಬಿಡುತ್ತದೆ. ಅಕ್ಟೋಬರಿನ ಆ ಅರ್ಧ ಸುತ್ತು ಆಗಿನ ಮಟ್ಟಿಗೆ ಸೋರಿಕೆ ತಡೆದಿದ್ದರೂ ಬಿರುಕಿಗೆ ದಾರಿ ಮಾಡಿತ್ತು. ಮಾರ್ಚ್‌ನಲ್ಲಿ ಗ್ಯಾಸನ್ನು ತೂಕ ಮಾಡದೆ ಗೇಜ್ ನೋಡಿ ಅಂದಾಜಿನಲ್ಲಿ ಹಾಕಿದ್ದೂ ಸೇರಿಕೊಂಡಿತು. ಇನ್ವರ್ಟರ್ ಯಂತ್ರದಲ್ಲಿ ಕಂಪ್ರೆಸರಿನ ವೇಗ ಬದಲಾಗುತ್ತಲೇ ಇರುವುದರಿಂದ ಗೇಜಿನ ಮುಳ್ಳು ನೋಡಿ ಗ್ಯಾಸಿನ ಪ್ರಮಾಣ ಹೇಳಲಾಗದು. ತಕ್ಕಡಿಯೇ ಬೇಕು.

ಸಹಾಯವಾಣಿ

ಮಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ. ಕನ್ನಡದಲ್ಲೂ ಮಾತಾಡಬಹುದು, ಶುಲ್ಕವಿಲ್ಲ. ಅದು ನ್ಯಾಯಾಲಯವಲ್ಲ, ಆದೇಶ ಕೊಡುವುದಿಲ್ಲ. ದೂರನ್ನು ಕಂಪನಿಯ ಮೇಲಿನ ಹಂತಕ್ಕೆ ಮುಟ್ಟಿಸಿ ಉತ್ತರ ತರಿಸುತ್ತದೆ. ಸ್ಥಳೀಯ ಸರ್ವಿಸ್ ಸೆಂಟರಿನ ಗೋಡೆ ದಾಟಲು ಅಷ್ಟೇ ಸಾಕಾಗುವುದು ಎಷ್ಟೋ ಸಲ.

ಕಂಪನಿಯ ಮೊದಲ ಉತ್ತರ: ಹಿಂದಿನ ದೂರುಗಳೆಲ್ಲ ಪರಿಹಾರವಾಗಿವೆ, ಗ್ರಾಹಕರೇ ಹ್ಯಾಪಿ ಕೋಡ್ ಕೊಟ್ಟಿದ್ದಾರೆ. ಹತ್ತು ನಿಮಿಷದ ಅವಸರದಲ್ಲಿ ಹೇಳಿದ ಆ ಸಂಖ್ಯೆಗಳು ಹೀಗೆ ತಿರುಗಿ ಬಂದವು. ಅದಕ್ಕೆ ಮರುತ್ತರವಾಗಿ ಮಗ ಕಳಿಸಿದ್ದು ಎರಡೇ: ಗುಳ್ಳೆಯ ವಿಡಿಯೋ, ಮತ್ತು ಮೂರೂ ಜಾಬ್ ಶೀಟಿನಲ್ಲಿ ಲೀಕ್ ಪರೀಕ್ಷೆಯ ಉಲ್ಲೇಖವೇ ಇಲ್ಲ ಎಂದು ಗುರುತು ಹಾಕಿದ ಪ್ರತಿ. ಮೊದಲೆರಡು ಭೇಟಿ ವಾರಂಟಿಯೊಳಗೇ ಆಗಿದ್ದವು, ಆ ದೋಷ ಆಗಲೇ ಇತ್ತು, ಹುಡುಕದೆ ಬಿಟ್ಟದ್ದು ಸೇವಾ ನ್ಯೂನತೆ ಎಂಬುದು ವಾದ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ಸೇವಾ ನ್ಯೂನತೆಗೆ ಸ್ಪಷ್ಟ ಜಾಗವಿದೆ. ಉಪ್ಪಿನ ಗಾಳಿಯ ಷರತ್ತು ಈ ವಾದದ ಮುಂದೆ ನಿಲ್ಲಲಿಲ್ಲ.

ವಾರದೊಳಗೆ ಹಿರಿಯ ತಂತ್ರಜ್ಞರೊಬ್ಬರು ಬಂದರು. ಉಳಿದ ಗ್ಯಾಸನ್ನು ಸಿಲಿಂಡರಿಗೆ ಎಳೆದು ತೂಕ ಹಾಕಿದರು: 410 ಗ್ರಾಂ. ಯಂತ್ರದ ಫಲಕದ ಪ್ರಕಾರ ಇರಬೇಕಾದದ್ದು 780. ಬಿರುಕು ಬಿಟ್ಟ ಫ್ಲೇರ್ ಕತ್ತರಿಸಿ, ಅಂಚು ಸವರಿ, ಎರಡೂ ಪೈಪಿಗೆ ಹೊಸ ಫ್ಲೇರ್ ಮಾಡಿದರು. ಬಿಗಿಯನ್ನು ಅಳೆದು ತಿರುಗಿಸುವ ಟಾರ್ಕ್ ರೆಂಚಿನಲ್ಲಿ ಕಾಲಿಂಚಿನ ನಟ್ಟಿಗೆ 16, ಅರ್ಧ ಇಂಚಿನದಕ್ಕೆ 55 ನ್ಯೂಟನ್ ಮೀಟರ್. ನೈಟ್ರೋಜನ್ 400 ಪಿಎಸ್‌ಐ ತುಂಬಿ ರಾತ್ರಿಯಿಡೀ ಬಿಟ್ಟರು. ಮರುದಿನ ಗೇಜ್ ಇಳಿದಿರಲಿಲ್ಲ. ಆಮೇಲೆ ವ್ಯಾಕ್ಯೂಮ್, ಆಮೇಲೆ ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು 780 ಗ್ರಾಂ. ಕೆಲಸಕ್ಕೆ ಎರಡು ದಿನ ಹಿಡಿಯಿತು. ಹಿಂದಿನ ಮೂರು ಭೇಟಿಗಳು ಒಂದೊಂದೂ ಒಂದು ಗಂಟೆಯೊಳಗೆ ಮುಗಿದಿದ್ದವು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಈ ಸಲ ಕೋಡನ್ನು ಟೀಚರ್ ಕೊಟ್ಟದ್ದು ಮೂರು ದಿನ ಎಸಿ ಓಡಿಸಿ ನೋಡಿದ ಮೇಲೆ.

ಸಿಕ್ಕಿದ್ದು, ಬಿಟ್ಟದ್ದು

₹3,304 ಬ್ಯಾಂಕ್ ಖಾತೆಗೆ ಮರಳಿತು. ಕಾಯಿಲಿನ ₹13,500 ಮಾತು ಅಲ್ಲಿಗೇ ನಿಂತಿತು. ಜಾಯಿಂಟಿಗೆ ಆರು ತಿಂಗಳ ಲಿಖಿತ ಭರವಸೆ ಬಂತು. ಪರೀಕ್ಷೆಯ ₹800, ಹೆಚ್ಚಿಗೆ ಬಂದ ಕರೆಂಟ್ ಬಿಲ್, ಪಟ್ಟ ತೊಂದರೆಗೆ ಪರಿಹಾರ ಇವುಗಳನ್ನು ಕಂಪನಿ ಒಪ್ಪಲಿಲ್ಲ.

ಮುಂದಿನ ಹೆಜ್ಜೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಆನ್‌ಲೈನಿನಲ್ಲೂ ಸಲ್ಲಿಸಬಹುದು, ಕಂಪನಿಯ ಕಚೇರಿ ಎಲ್ಲೇ ಇದ್ದರೂ ಗ್ರಾಹಕರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವ್ಯಾಜ್ಯದ ಕಾರಣ ಹುಟ್ಟಿದಂದಿನಿಂದ ಎರಡು ವರ್ಷದ ಗಡುವು. ಹೋಗುವುದಾದರೆ ಅಂಗಡಿ, ಕಂಪನಿ, ಸರ್ವಿಸ್ ಸೆಂಟರ್ ಮೂವರನ್ನೂ ಎದುರುದಾರರಾಗಿ ಹೆಸರಿಸಬೇಕು. ಇಲ್ಲದಿದ್ದರೆ ಇಲ್ಲದವರ ಮೇಲೆ ಇದ್ದವರು ಹೊಣೆ ಹೊರಿಸುತ್ತಾರೆ. ಈ ಪ್ರಕರಣದಲ್ಲೂ ಅಂಗಡಿಯವರು ‘ಕೂರಿಸಿದ್ದು ಕಂಪನಿ’ ಎಂದರೆ ಕಂಪನಿಯವರು ‘ಅದು ಹೊರಗುತ್ತಿಗೆ’ ಎಂದಿದ್ದರು. ಟೀಚರ್ ಆಯೋಗಕ್ಕೆ ಹೋಗಲಿಲ್ಲ. ಉಳಿದ ಮೊತ್ತಕ್ಕಾಗಿ ಓಡಾಡುವ ಮನಸ್ಸಿಲ್ಲ ಎಂದರು. ಸಮಂಜಸ ನಿರ್ಧಾರ. ಆದರೆ ಕೂರಿಸಿದ್ದರಲ್ಲೇ ದೋಷವಿತ್ತು ಎಂದು ಕಂಪನಿಯಿಂದ ಒಂದು ಸಾಲು ಬರೆಸಿಕೊಳ್ಳದೆ ಮೊತ್ತ ಸ್ವೀಕರಿಸಿದ್ದು ದುರ್ಬಲ ಜಾಗ. ಪೈಪಿನೊಳಗೆ ಮೊದಲ ದಿನ ಉಳಿದ ತೇವದಿಂದ ಮುಂದೆ ಕಂಪ್ರೆಸರಿಗೆ ಏನಾದರೂ ಆದರೆ ಆ ಸಾಲು ಕೆಲಸಕ್ಕೆ ಬರುತ್ತಿತ್ತು.

ಇಂಥ ತೊಂದರೆ ಬಂದವರು ಎರಡನೇ ಸಲ ಗ್ಯಾಸ್ ಹಾಕಿಸುವ ಮೊದಲೇ ಜಾಬ್ ಶೀಟಿನಲ್ಲಿ ‘ಲೀಕ್ ಸಿಕ್ಕಿದ ಜಾಗ’ ಮತ್ತು ‘ಹಾಕಿದ ಗ್ಯಾಸ್, ಗ್ರಾಂಗಳಲ್ಲಿ’ ಎಂದು ಬರೆಸಿಕೊಳ್ಳಬೇಕು. ಬರೆಯಲು ಒಪ್ಪದಿದ್ದರೆ ಕೋಡ್ ಕೊಡಬಾರದು. ಬಿಲ್ಲುಗಳನ್ನು ಬಂದ ದಿನವೇ ಫೋಟೋ ತೆಗೆದಿಡಬೇಕು. ಥರ್ಮಲ್ ಕಾಗದದ ಅಕ್ಷರ ನಮ್ಮ ಸೆಕೆಗೆ ಒಂದೆರಡು ವರ್ಷದಲ್ಲಿ ಮಾಸಿಹೋಗುತ್ತದೆ. ಉಪ್ಪಿನ ನೆಪಕ್ಕೆ ಜಾಗ ಕೊಡದಿರಲು ಡಿಸೆಂಬರಿನಿಂದ ಮೇ ತನಕ ತಿಂಗಳಿಗೊಮ್ಮೆ ಎಸಿಯ ಸ್ವಿಚ್ ಆರಿಸಿ ಔಟ್‌ಡೋರ್ ಕಾಯಿಲಿಗೆ ಬರೀ ಸಿಹಿನೀರನ್ನು ಮೆಲ್ಲಗೆ ಹಾಯಿಸಿದರೆ ಸಾಕು. ಆಸಿಡ್ ಬೆರೆತ ಕ್ಲೀನರ್ ಬೇಡ, ಫಿನ್ ಬಗ್ಗಿಸುವಷ್ಟು ರಭಸದ ನೀರೂ ಬೇಡ.

ಅದೇ ಕಟ್ಟಡದಲ್ಲಿ ಅದೇ ಹಬ್ಬದ ವಾರ ಅದೇ ಜೋಡಿ ಕೂರಿಸಿದ್ದ ಇನ್ನೂ ಎರಡು ಎಸಿಗಳ ಫೋಮ್ ಬಿಡಿಸಿ ನೋಡಿದಾಗ ಒಂದರಲ್ಲಿ ಎಣ್ಣೆಯ ಪಸೆ ಸಿಕ್ಕಿತು. ಆ ಮನೆಯವರಿಗೆ ಸರಿಮಾಡಿಸಿಕೊಳ್ಳಲು ಮೂರು ವಾರ ಬೇಕಾಗಲಿಲ್ಲ, ಒಂದು ಈಮೇಲ್ ಸಾಕಾಯಿತು. ಈಗ ಆ ಕಟ್ಟಡದ ನಿವಾಸಿಗಳ ಸಂಘದಲ್ಲಿ, ಹೊಸ ಎಸಿ ಕೂರಿಸಲು ಬರುವವರು ವ್ಯಾಕ್ಯೂಮ್ ಪಂಪ್ ತಂದಿದ್ದಾರೆಯೇ ಎಂದು ಗೇಟಿನಲ್ಲೇ ಕೇಳುತ್ತಾರೆ. ತಂದಿಲ್ಲವಾದರೆ ಮರುದಿನ ತಂದು ಬರಲು ಹೇಳುತ್ತಾರೆ.